ತಾತನ ಚದುರಂಗ

ನಮ್ಮ ಮನೆಯಲ್ಲಿ ಒಂದೇ ಹಾಸಿನ ಮೇಲೆ ಎರಡು ಆಟಗಳು ನಡೆಯುತ್ತವೆ. ಒಂದು, ನಾನು ಹೈಸ್ಕೂಲಿನಲ್ಲಿ ಕಲಿತ ಚೆಸ್ಸು. ಇನ್ನೊಂದು, ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಜಗಲಿಯಿಂದ ತಾತನ ಸಂಗಡ ರಾಜರಾಜೇಶ್ವರಿನಗರಕ್ಕೆ ಬಂದ ಚದುರಂಗ. ಎರಡಕ್ಕೂ 64 ಮನೆ, 32 ಕಾಯಿ. ಎರಡಕ್ಕೂ ಅದೇ ರಾಜ, ಅದೇ ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು. ದೂರದಿಂದ ನೋಡಿದವರಿಗೆ ಇವೆರಡೂ ಒಂದೇ. ಹತ್ತಿರ ಕುಳಿತು ಹತ್ತು ನಡೆ ನೋಡಿದವರಿಗೆ ಮಾತ್ರ ಭೇದ ತಿಳಿಯುತ್ತದೆ.

ತಾತನ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದಿಡಬೇಕು. ಎರಡು ಮನೆ ದಾಟುವ ಅವಸರ ಅದಕ್ಕಿಲ್ಲ. ರಾಜನೆದುರಿಗೆ ರಾಜ ನಿಲ್ಲುವುದಿಲ್ಲ. ಇವನ ರಾಜನ ಎದುರಿಗೆ ಅವನ ಮಂತ್ರಿ. ರಾಜನೂ ಆನೆಯೂ ಒಂದೇ ನಡೆಯಲ್ಲಿ ಅದಲುಬದಲಾಗುವ ‘ಕ್ಯಾಸ್ಲಿಂಗ್’ ಇಲ್ಲ. ಅದರ ಬದಲಿಗೆ, ಇಡೀ ಆಟದಲ್ಲಿ ಒಂದೇ ಒಂದು ಸಲ, ರಾಜನಿಗೆ ಕುದುರೆಯಂತೆ ನೆಗೆಯುವ ಅಧಿಕಾರವುಂಟು. ಇನ್ನು ಕೊನೆಯ ಸಾಲು ಮುಟ್ಟಿದ ಕಾಲಾಳು ಇಷ್ಟಬಂದಂತೆ ಮಂತ್ರಿಯಾಗಿಬಿಡಲು ಬರುವುದಿಲ್ಲ. ಕುದುರೆಯ ಮನೆಯಲ್ಲಿ ಕಾಲಿಟ್ಟರೆ ಕುದುರೆ, ಆನೆಯ ಮನೆಯಲ್ಲಿ ಕಾಲಿಟ್ಟರೆ ಆನೆ. ನಮ್ಮಂಥವರಿಗೆ ಈ ನಿಯಮ ಚೆನ್ನಾಗಿ ಅರ್ಥವಾಗುತ್ತದೆ: ಎಲ್ಲರಿಗೂ ಬಡ್ತಿಯುಂಟು, ಎಲ್ಲರಿಗೂ ಒಂದೇ ಬಡ್ತಿಯಿಲ್ಲ.

ಕಳೆದ ರಾಜ್ಯೋತ್ಸವದ ಸಮಯದಲ್ಲಿ ನಮ್ಮ ಕಡೆಯ ಒಂದು ಬಡಾವಣೆಯವರು ಹಿರಿಯರಿಗಾಗಿ ಪಂದ್ಯವೊಂದನ್ನು ಏರ್ಪಡಿಸಿದ್ದರು. ಕರಪತ್ರದಲ್ಲಿ ಅಚ್ಚಾಗಿದ್ದುದು ‘ಚದುರಂಗ’ ಎಂಬ ಮಾತೇ. ನಾನು ಓದಿ ಹೇಳಿದೆ, ತಾತ ಶುಭ್ರವಾದ ಪಂಚೆಯುಟ್ಟು ಹೊರಟರು. ಕಾಯಿಗಳನ್ನು ಮೊದಲೇ ಜೋಡಿಸಿಟ್ಟಿದ್ದರು. ರಾಜನೆದುರಿಗೆ ರಾಜ ನಿಂತಿದ್ದುದನ್ನು ನೋಡಿಯೂ ತಾತ ಸುಮ್ಮನಿದ್ದರು. ಆಟ ಚೆನ್ನಾಗಿಯೇ ನಡೆಯಿತು. ಎದುರಾಳಿಯ ಮಂತ್ರಿ ಮುಂದೆ ಬಂದಾಗ ತಾತ ತಮ್ಮ ರಾಜನನ್ನು ಮೆಲ್ಲನೆ ಎತ್ತಿ, ಕುದುರೆಯ ನಡೆಯಲ್ಲಿ ಒಂಟೆಯ ಹಿಂದಕ್ಕೆ ಇಟ್ಟರು. ತೀರ್ಪುಗಾರನಾಗಿದ್ದ ಹುಡುಗ ಬಾಗಿ ನೋಡಿ, “ತಾತ, ರಾಜ ಹಂಗೆಲ್ಲ ಹೋಗಲ್ಲ. ನಿಮಗೆ ರೂಲ್ಸ್ ಗೊತ್ತಿಲ್ಲ ಅನ್ಸುತ್ತೆ” ಎಂದ. ಸುತ್ತ ನಿಂತವರು ನಕ್ಕರು. ತಾತ “ಆಯ್ತಪ್ಪ” ಎಂದು ಎದ್ದು ಬಂದರು.

ಆ ಹುಡುಗನ ಕೈಯಲ್ಲಿದ್ದ ಕಾನೂನಿನ ಪ್ರಕಾರ ಅವನ ತೀರ್ಪು ಸರಿಯೇ. ಆದರೆ ‘ಈ ಪಂದ್ಯದಲ್ಲಿ ಆ ನಡೆಯಿಲ್ಲ’ ಎನ್ನುವುದಕ್ಕೂ ‘ನಿಮಗೆ ಗೊತ್ತಿಲ್ಲ’ ಎನ್ನುವುದಕ್ಕೂ ಬಹಳ ಅಂತರವಿದೆ. ಚನ್ನಪಟ್ಟಣದ ಹಾಲೆಮರದ ಕಾಯಿಗಳು, ಅರಗಿನ ಕೆಂಪು ಒಂದು ಪಕ್ಷಕ್ಕೆ, ಹಸುರು ಇನ್ನೊಂದಕ್ಕೆ, ಬಟ್ಟೆಯ ಗಂಟಿನಲ್ಲಿ ಅಟ್ಟ ಸೇರಿದವು. ತಿಂಗಳಾದರೂ ಕೆಳಗಿಳಿಯಲಿಲ್ಲ. ಕೇಳಿದರೆ ತಾತ ಹೇಳಿದ್ದು ಇಷ್ಟೇ: “ಪುಸ್ತಕದಲ್ಲಿ ಇಲ್ವಂತೆ ಕಣ್ ಮಗ. ನಮ್ದು ಬರೀ ಹಳ್ಳಿ ಆಟ.”

ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಇಂಥ ಮನೆಗಳಲ್ಲಿ ಅಚ್ಚಾದ ಕಾಗದಕ್ಕೆ ಎದುರಾಡುವವರಿಲ್ಲ. ಪಹಣಿಯಲ್ಲಿ ಇದ್ದರೆ ಜಮೀನುಂಟು, ಪಡಿತರ ಚೀಟಿಯಲ್ಲಿ ಇದ್ದರೆ ಅಕ್ಕಿಯುಂಟು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಅರವತ್ತು ವರ್ಷ ಆಡಿದ ಆಟವೂ ಪುಸ್ತಕದಲ್ಲಿ ಇಲ್ಲವೆಂದ ಮೇಲೆ ಇಲ್ಲವೇ ಆಯಿತು. ನನಗೆ ಇದು ಸಹಿಸಲಿಲ್ಲ. ಪುಸ್ತಕದಲ್ಲಿ ನಿಜವಾಗಿಯೂ ಇಲ್ಲವೆ ಎಂದು ನೋಡಲು ಹೊರಟೆ.

ಎಚ್. ಜೆ. ಆರ್. ಮರೆ ಎಂಬ ಇಂಗ್ಲಿಷ್ ವಿದ್ವಾಂಸರು 1913ರಲ್ಲಿ ಚದುರಂಗದ ಇತಿಹಾಸವನ್ನು ಸುಮಾರು 900 ಪುಟಗಳಲ್ಲಿ ಬರೆದಿದ್ದಾರೆ. ಅದರ ಛಾಯಾಪ್ರತಿಯನ್ನು ಮೊಬೈಲಿನಲ್ಲಿ ಇಳಿಸಿಕೊಂಡು, ರಾಜರಾಜೇಶ್ವರಿನಗರದ ನಿಲ್ದಾಣದಲ್ಲಿ ಮೆಟ್ರೊ ಹತ್ತಿದ ಮೇಲೆ ಮೆಜೆಸ್ಟಿಕ್‌ವರೆಗೆ ದಿನವೂ ಅಷ್ಟಷ್ಟು ಓದಿದೆ. ನಿಂತುಕೊಂಡು ಓದುವುದಕ್ಕೆ ಹೇಳಿಸಿದ ಗ್ರಂಥವಲ್ಲ, ಆದರೂ ಬಿಡಲಿಲ್ಲ. ಅಲ್ಲಿ ಹಿಂದೂಸ್ಥಾನದ ಆಟದ ನಿಯಮಗಳ ಭಾಗದಲ್ಲಿ ನಮ್ಮ ತಾತನ ರಾಜ ಕುದುರೆಯ ನಡೆಯಲ್ಲಿ ನೆಗೆದೇ ನೆಗೆಯುತ್ತಾನೆ! ಕಾಲಾಳಿನ ಒಂದೇ ಹೆಜ್ಜೆಯೂ ಉಂಟು, ಮನೆಗೆ ತಕ್ಕ ಬಡ್ತಿಯೂ ಉಂಟು. ಅಷ್ಟೇ ಅಲ್ಲ, ಮಧ್ಯಯುಗದ ಯೂರೋಪಿನಲ್ಲಿಯೂ ರಾಜನಿಗೆ ಇಂಥದೇ ಒಂದು ನೆಗೆತವಿತ್ತು. ಅದೇ ಬೆಳೆದು ಮುಂದೆ ಕ್ಯಾಸ್ಲಿಂಗ್ ಆಯಿತು. ಆ ಹುಡುಗನ ನಿಯಮವೂ ತಾತನ ನಿಯಮವೂ ದಾಯಾದಿಗಳು. ಮಂತ್ರಿಗೆ ಈಗಿರುವ ದೂರದ ಓಟ ಬಂದುದು 15ನೆಯ ಶತಮಾನದ ಕೊನೆಗೆ, ಯೂರೋಪಿನಲ್ಲಿ. ಜಗತ್ತಿನ ಚೆಸ್ ಸಂಸ್ಥೆಯಾದ ಫಿಡೆ ಹುಟ್ಟಿದ್ದು 1924ರಲ್ಲಿ. ಅದಕ್ಕಿಂತ ಹಿಂದೆ ಊರೂರಿಗೆ ಒಂದೊಂದು ಕಾನೂನು ಇದ್ದರೆ ಯಾರನ್ನು ತಪ್ಪೆನ್ನಬೇಕು? ಪಂಜಾಬಿನ ಮೀರ್ ಸುಲ್ತಾನ್ ಖಾನ್ ಮೊದಲು ಕಲಿತದ್ದು ನಮ್ಮ ದೇಶದ ನಿಯಮಗಳನ್ನೇ. ಆಮೇಲೆ ಪರದೇಶದ ನಿಯಮಗಳನ್ನು ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಅವರಿಗೆ ಆಟ ಬರುತ್ತಿರಲಿಲ್ಲವೆಂದು ಯಾರೂ ಹೇಳಲಾರರು.

ಹೆಸರೇ ಹೇಳುವಂತೆ ಚತುರಂಗವೆಂದರೆ ರಥ, ಗಜ, ತುರಗ, ಪದಾತಿಗಳ ಸೈನ್ಯ. ಬಹು ಪ್ರಾಚೀನ ಕಾಲದ ಯುದ್ಧವನ್ನು ಅಂಗೈಯಗಲದ ಗೊಂಬೆಗಳಲ್ಲಿ ಆಡುವ ಆಟವಿದು. ತಾತನ ಗಂಟಿನಲ್ಲಿ ರಥವೇ ಇಲ್ಲ. ಮೂಲೆಯಲ್ಲಿ ನಿಂತು ನೆಟ್ಟಗೆ ಓಡುತ್ತಿದ್ದ ರಥದ ಜಾಗವನ್ನೂ ನಡೆಯನ್ನೂ ಆನೆ ತೆಗೆದುಕೊಂಡಿದೆ. ಆನೆ ಬಿಟ್ಟ ಜಾಗಕ್ಕೆ ಎಲ್ಲಿಂದಲೋ ಒಂಟೆ ಬಂದಿದೆ. ಆನೆಯ ನಡಿಗೆಯ ವಿಷಯದಲ್ಲಂತೂ ಒಮ್ಮತವೇ ಇಲ್ಲ. ಅರಬ್ಬರ ಆಟದಲ್ಲಿ ಅದು ಓರೆಯಾಗಿ ಎರಡನೆಯ ಮನೆಗೆ ಹಾರುತ್ತದೆ. ಸುಮಾರು 1030ರಲ್ಲಿ ನಮ್ಮ ದೇಶದ ವಿಷಯ ಬರೆದ ಅಲ್‌ಬಿರೂನಿ ಕಂಡ ಆಟದಲ್ಲಿ ಮುಂದಕ್ಕೆ ಒಂದು ಮನೆ, ನಾಲ್ಕು ಓರೆಗಳಿಗೆ ಒಂದೊಂದು ಮನೆ. ಸೊಂಡಿಲೊಂದು, ಕಾಲು ನಾಲ್ಕು ಎಂಬ ಲೆಕ್ಕ. ನಮ್ಮವರೇ ಆದ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಬೇಟೆ, ಆನೆ ಹಿಡಿಯುವುದು ಇವುಗಳ ಜೊತೆಗೆ ಚತುರಂಗಕ್ಕೂ ಸ್ಥಾನ ಕೊಟ್ಟಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಒಂದನ್ನು, ಕೌತುಕನಿಧಿಯನ್ನು, ಆಟಗಳಿಗೇ ಮೀಸಲಿಟ್ಟರು, ಕುದುರೆಯೊಂದು ಹಾಸಿನ ಎಲ್ಲ ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವ ದಾರಿಗಳನ್ನು ಕಟ್ಟುವುದರಲ್ಲಿ ಅವರಿಗೆ ಎಣೆಯಿರಲಿಲ್ಲ. ಅರಮನೆಯವರಿಗೆ ಬರೆದಿಡುವವರಿದ್ದರು. ಮದ್ದೂರಿನ ಜಗಲಿಯವರಿಗೆ ಯಾರಿದ್ದರು?

ಈ ಹುಡುಕಾಟದಲ್ಲಿಯೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಇಂಗ್ಲೆಂಡಿನಲ್ಲಿ ದೊಡ್ಡವರೇ ಸೀಸದ ಸಣ್ಣ ಸಣ್ಣ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಪ್ರಾಚೀನ ಯುದ್ಧಗಳನ್ನು ಆಡುತ್ತಾರೆ. 1969ರಲ್ಲಿ ಕ್ರಿಸ್ತಪೂರ್ವ 1000ದಿಂದ ಕ್ರಿಸ್ತಶಕ 500ರವರೆಗಿನ ಯುದ್ಧಗಳಿಗೆಂದು ಒಂದು ನಿಯಮಪುಸ್ತಕ ಬಂತು. 1990ರಲ್ಲಿ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಎಂಬ ಇನ್ನೊಂದು ಬಂತು: ಪಕ್ಷಕ್ಕೆ 12 ತುಕಡಿ, ದಾಳದ ಗರ ಬಿದ್ದಷ್ಟು ಆಜ್ಞೆ. (ಅಲ್‌ಬಿರೂನಿ ಕಂಡ ನಾಲ್ವರ ಚತುರಂಗದಲ್ಲಿಯೂ ಯಾವ ಕಾಯಿ ನಡೆಯಬೇಕೆಂದು ಹೇಳುತ್ತಿದ್ದುದು ದಾಳವೇ.) ಆ ಪುಸ್ತಕದ ಭಾಷೆ ಎಷ್ಟು ಬಿಗಿಯೆಂದರೆ, ಒಂದೊಂದು ವಾಕ್ಯಕ್ಕೂ ಅರ್ಥವೇನೆಂದು ಆಟಗಾರರು ವರ್ಷಗಟ್ಟಲೆ ವಾದಿಸಿದ್ದಾರೆ, ಅದಕ್ಕೆಂದೇ ಬೇರೆ ವ್ಯಾಖ್ಯಾನಗಳನ್ನು ಬರೆದಿದ್ದಾರೆ. ಪಾಣಿನಿಗೆ ಪತಂಜಲಿ ಇದ್ದಂತೆ! ನನಗೆ ಹಿಡಿಸಿದ್ದು ಅವರ ಪದ್ಧತಿ. ಸಂದೇಹ ಬಂದಲ್ಲಿ ಯಾರನ್ನೂ ನಗುವುದಿಲ್ಲ. ಪ್ರಶ್ನೆ ಬರೆಯುತ್ತಾರೆ, ಉತ್ತರ ಬರೆಯುತ್ತಾರೆ.

ನಾನೂ ಒಂದು ನೋಟುಪುಸ್ತಕ ತಂದೆ. ಅಟ್ಟದಿಂದ ಗಂಟು ಇಳಿಸಿ, “ತಾತ, ನಿನ್ನಾಟ ಪುಸ್ತಕದಲ್ಲೈತೆ. ಆದ್ರೆ ಎಲ್ಲಾ ಇಲ್ಲ. ಉಳಿದದ್ದು ನೀನೇ ಹೇಳ್ಬೇಕು” ಎಂದೆ. ತಾತ ಮೊದಲು ನಂಬಲಿಲ್ಲ. ಮೊಬೈಲಿನಲ್ಲಿ ಆ ಪುಟ ತೋರಿಸಿದೆ. ಇಂಗ್ಲಿಷ್ ಅಕ್ಷರಗಳನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕಾಯಿ ಜೋಡಿಸತೊಡಗಿದರು.

ನಾಲ್ಕು ಸಂಜೆ ಕೂತೆವು. ಶಹ ಬಿದ್ದಿದ್ದಾಗ ರಾಜ ನೆಗೆದು ತಪ್ಪಿಸಿಕೊಳ್ಳಬಹುದೆ? “ಇಲ್ಲ. ಒಂದ್ ಸಲ ಶಹ ಬಿದ್ ಮ್ಯಾಲೆ ನೆಗೆಯಂಗೇ ಇಲ್ಲ. ಹೆದರ್ದೋನ್ ಕಾಲಲ್ಲಿ ಶಕ್ತಿ ಇರ್ತದಾ?” ನೆಗೆದು ಎದುರಾಳಿಯ ಕಾಯಿಯನ್ನು ಹೊಡೆಯಬಹುದೆ? ಕೂಡದು, ರಾಜ ನೆಗೆಯುವುದು ಜೀವ ಉಳಿಸಿಕೊಳ್ಳಲು. ಮೊದಲೇ ಒಂದು ಮನೆ ನಡೆದಿದ್ದರೆ? ಇದಕ್ಕೆ ತಾತ ಎಲೆಯಡಿಕೆ ಮುಗಿಯುವ ತನಕ ಯೋಚಿಸಿದರು. ಯಾರೂ ಇದುವರೆಗೆ ಕೇಳಿರಲಿಲ್ಲವಂತೆ. ಕೊನೆಗೆ, ನಡೆದರೇನಾಯಿತು, ಕುದುರೆ ಹತ್ತಿಲ್ಲವಲ್ಲ, ನೆಗೆಯಬಹುದು ಎಂದು ತೀರ್ಪಾಯಿತು. ಫಿಡೆಯವರ ಕ್ಯಾಸ್ಲಿಂಗಿನಲ್ಲಿ ಇದು ನೇರ ತಿರುಗುಮುರುಗು: ಅಲ್ಲಿ ರಾಜ ಒಮ್ಮೆ ಅಲುಗಿದರೆ ಹಕ್ಕು ಹೋಯಿತು, ಶಹ ಬಿದ್ದು ಕಾಯಿ ಅಡ್ಡಬಂದು ತಪ್ಪಿದ್ದರೆ ಹಕ್ಕು ಉಳಿಯಿತು.

ಬಹಳ ವಾದವಾದುದು ಒಂಟಿ ರಾಜನ ವಿಷಯದಲ್ಲಿ. ಎದುರಾಳಿಯ ಕಾಯಿಗಳೆಲ್ಲ ಹೋಗಿ ರಾಜನೊಬ್ಬನೇ ಉಳಿದರೆ ತಾತನ ಆಟದಲ್ಲಿ ಅದು ಸಮ. ಗೆಲ್ಲಬೇಕಾದರೆ ಅವನ ಕಡೆ ಒಂದಾದರೂ ಕಾಯಿ ಇರುವಾಗಲೇ ಕಟ್ಟಬೇಕು. ನಾನು ಇತಿಹಾಸದ ವಿದ್ಯಾರ್ಥಿ; ಒಪ್ಪಲಿಲ್ಲ. ತಾತನ ತಾಲ್ಲೂಕಿನದೇ ಆದ ಆತಕೂರಿನ ಶಾಸನವನ್ನು ಎತ್ತಿದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಆ ಕಲ್ಲು, 949ರ ತಕ್ಕೋಲಂ ಯುದ್ಧದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದುದನ್ನು ಹೇಳುತ್ತದೆ. ಆನೆಯ ಮೇಲಿದ್ದ ರಾಜಾದಿತ್ಯ ಬಿದ್ದ, ಚೋಳಸೈನ್ಯ ಸೋತಿತು. ರಾಜ ಹೋದರೆ ಆಟ ಮುಗಿದಂತೆ ಅಲ್ಲವೆ? ತಾತ ಕೇಳಿಸಿಕೊಂಡು, “ಅವನ್ ಸುತ್ತ ದಂಡು ಇತ್ತಲ್ಲ ಮಗ. ಅದಕ್ಕೇ ಅದು ಗೆಲುವು. ದಂಡೆಲ್ಲಾ ಸತ್ ಮ್ಯಾಲೆ ನಿಂತವ್ನು ಯಾವ್ ರಾಜ? ಅವನ್ನ ಹೊಡೆದು ಏನ್ ಹೇಳ್ಕೊಂಡಾರು?” ಎಂದರು. ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಎಷ್ಟು ಅಂಕ ಬರುತ್ತದೋ ತಿಳಿಯದು. ನೋಟಿನಲ್ಲಿ ‘ಸಮ’ ಎಂದೇ ಬರೆದೆ.

ಬರವಣಿಗೆಯಿಂದ ಲಾಭವೇ ಆಯಿತೆಂದು ಮಾತ್ರ ಹೇಳಲಾರೆ. ಹಿಂದೆ ನನ್ನ ತಂಗಿ ಸೋಲುವ ಹಾಗಾದರೆ ತಾತ ಅವಳಿಗೊಂದು ನಡೆ ಹಿಂದಕ್ಕೆ ಕೊಡುತ್ತಿದ್ದರು. ಅವಳ ರಾಜ ಎರಡು ಸಲ ನೆಗೆದದ್ದೂ ಉಂಟು. ಈಗ ಅವಳು ಕೈ ಚಾಚಿದರೆ, ಓದಲು ಬಾರದ ತಾತ ನೋಟುಪುಸ್ತಕದ ಮೇಲೆ ಬೆರಳಿಟ್ಟು, “ಬರ್ದದೆಯಲ್ಲವ್ವ” ಎನ್ನುತ್ತಾರೆ. ಅವಳಿಗೆ ನನ್ನ ಮೇಲೆ ಕೋಪ. ಅವಳ ಕೋಪದಲ್ಲಿ ಅನ್ಯಾಯವಿಲ್ಲ.

ಕಳೆದ ತಿಂಗಳು ಈ ಆಟವನ್ನು ಕಾಲೇಜಿಗೂ ತಂದೆ. ನನ್ನ ಸಹಪಾಠಿಯೊಬ್ಬ ಬಿಡುವಿನ ಅವಧಿಯಲ್ಲಿ ನೋಟನ್ನು ಎರಡು ಸಲ ಓದಿ ಆಡಲು ಕೂತ. ಅವನು ವಕೀಲನಾಗತಕ್ಕವನು. ಅವನ ಕಾಲಾಳು ಮಂತ್ರಿಯ ಸಾಲಿನಲ್ಲಿ ಏಳನೆಯ ಮನೆಗೆ ಬಂತು. ಅವನ ಮಂತ್ರಿಯಿನ್ನೂ ಬದುಕಿತ್ತು. ಅಂಥಾಗ ಕಾಲಾಳು ಮಂತ್ರಿ ಸಾಯುವ ತನಕ ಏಳನೆಯ ಮನೆಯಲ್ಲೇ ಕಾಯಬೇಕೆಂದು ನಮ್ಮ ನಿಯಮ. ಅವನು ಕೇಳಿದ: “ಕಾಯ್ತಾ ಇರೋ ಕಾಲಾಳನ್ನ ನೀನು ಹೊಡೀಬಹುದಾ? ಅದು ನಿನ್ನ ರಾಜನಿಗೆ ಶಹ ಕೊಡಬಹುದಾ?” ನೋಟಿನಲ್ಲಿ ಇರಲಿಲ್ಲ. ಮೊಗಸಾಲೆಯಿಂದ ತಾತನಿಗೆ ಫೋನು ಮಾಡಿದೆ. ಅವರಿಗೂ ಅನುಮಾನ ಬಂತು. ಊರಿನಲ್ಲಿರುವ ತಮ್ಮ ಹಳೆಯ ಜೊತೆಗಾರನನ್ನು ಕೇಳಿ ಹೇಳುತ್ತೇನೆ ಎಂದರು.

ಸಂಜೆ ಮನೆಗೆ ಹೋದಾಗ ತಾತ ಬಾಗಿಲಲ್ಲೇ ನಿಂತಿದ್ದರು. ಜೊತೆಗಾರನ ಪ್ರಕಾರ ಕಾಯುವುದೆಂಬುದೇ ಇಲ್ಲವಂತೆ. ಅವರೂರಿನಲ್ಲಿ ಕಾಲಾಳು ಯಾವತ್ತೂ ಕಾದಿಲ್ಲವಂತೆ.

“ಅರವತ್ ವರ್ಷದಿಂದ ಹಿಂಗೇ ಮೋಸ ಆಡ್ತಾವ್ನೆ ಅವ್ನು,” ಎಂದರು ತಾತ. “ಭಾನ್ವಾರ ಊರಿಗೆ ಹೋಗವ. ಹಾಸು ತಗೊ. ಆ ನೋಟ್‌ಬುಕ್ಕೂ ತಗೊ.”