ಅವ್ವ ಮತ್ತು ಲಾಲ್‌ಬಾಗಿನ ಓತಿಕ್ಯಾತ

ಅಪ್ಪ ಹೋದ ಮೇಲೆ ಅವ್ವ ಊರಲ್ಲಿ ಒಬ್ಬಳೇ ಆದಳು. ಹೋದ ವರ್ಷ ಯುಗಾದಿ ಮುಗಿಸ್ಕೊಂಡು ಅವಳನ್ನ ಜಯನಗರಕ್ಕೆ ಕರ್ಕೊಂಡು ಬಂದೆ. ಮೂರನೇ ಮಹಡಿಯ ಬಾಡಿಗೆ ಮನೆ, ಎರಡು ರೂಮು, ರಂಗೋಲಿ ಹಾಕೋಕೆ ಬಾಗಿಲ ಮುಂದೆ ಎರಡಡಿ ಟೈಲ್ಸು. ಮಧುಗಿರಿ ಕಡೆಯ ನಮ್ಮೂರಲ್ಲಿ ಅವಳ ಅಂಗಳದಲ್ಲಿ ಎರಡು ಎತ್ತಿನ ಗಾಡಿ ನಿಲ್ಲಿಸಬಹುದು.

"ಸ್ವಲ್ಪ ದಿನ ಕಣವ್ವ, ಅಭ್ಯಾಸ ಆಗುತ್ತೆ. ನಂಗೂ ಆಗ್ಲಿಲ್ವಾ?" ಅಂದಿದ್ದೆ.

ಮೊದಲ ತಿಂಗಳು ಹನ್ನೊಂದನೇ ಮೇನ್ ರೋಡ್ ದಾಟುವಾಗ ನನ್ನ ಅಂಗಿ ಹಿಡ್ಕೊಂಡೇ ಇರ್ತಿದ್ದಳು. ಬೈಕ್ ಹಾರ್ನ್ ಹೊಡೆದ್ರೆ ಬೆಚ್ಚಿ ಬೀಳ್ತಿದ್ದಳು. ಎರಡನೇ ತಿಂಗಳಿಗೆ ಅದೆಲ್ಲ ನಿಂತು ಹೋಯ್ತು. ಗೊಣಗಾಟವೂ ಇಲ್ಲ. ನಾನು ಹೆಂಡತಿಗೆ ಖುಷಿಯಿಂದ ಹೇಳಿದೆ, "ನೋಡು, ಅವ್ವ ಸೆಟ್ ಆದ್ರು."

ಒಂದು ಭಾನುವಾರ ಬೆಳಿಗ್ಗೆ ಅವಳನ್ನ ಲಾಲ್‌ಬಾಗಿಗೆ ಕರ್ಕೊಂಡು ಹೋದೆ. ಕೆಂಪೇಗೌಡರ ಗೋಪುರ ಇರುವ ಬಂಡೆ ನಿಮಗೆ ಗೊತ್ತಲ್ಲ, ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಒಂದು ಅಂಚಿನಲ್ಲಿ ಗಂಡು ಓತಿಕ್ಯಾತ ಬಿಸಿಲು ಕಾಯಿಸ್ತಾ ಕೂತಿತ್ತು. ಸುತ್ತ ಸೆಲ್ಫಿ, ಮಕ್ಕಳ ಕೂಗಾಟ. ಅದು ಕದಲಲಿಲ್ಲ.

"ಇದೇನ್ಲಾ ಇದು, ಓಡೋಗಲ್ವಲ್ಲ? ನಮ್ ಕಡೇದಾದ್ರೆ ಇಷ್ಟೊತ್ತಿಗೆ ಬಂಡೆ ಹಿಂದಕ್ಕೆ ಹೋಗಿರೋದು" ಅಂದಳು ಅವ್ವ.

ನಮ್ಮ ಕಡೆಯವು ಯಾಕೆ ಓಡ್ತಿದ್ವು ಅಂತ ನಂಗೆ ಗೊತ್ತು. ಕಲ್ಲು ಹೊಡೀತಿದ್ದೋರು ನಾವೇ.

ಆವತ್ತು ರಾತ್ರಿ ಕುತೂಹಲಕ್ಕೆ ಓದೋಕೆ ಕೂತೆ. ನೋಡಿದ್ರೆ ಇದನ್ನೇ ಕೆಲಸ ಮಾಡ್ಕೊಂಡಿರೋ ವಿಜ್ಞಾನಿಗಳು ನಮ್ಮೂರಲ್ಲೇ ಇದ್ದಾರೆ. ಯಶವಂತಪುರದ ಹತ್ತಿರ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮರಿಯಾ ಥಾಕರ್ ಅವರ ತಂಡ ಇದೇ ಬಂಡೆ ಓತಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಊರು ಬೆಳೀತಾ ಬಂಡೆ ಹೋಗಿ ಕಾಂಪೌಂಡ್ ಗೋಡೆ ಬಂದಾಗ ಈ ಪ್ರಾಣಿ ಏನು ಮಾಡುತ್ತೆ ಅನ್ನೋದು ಅವರ ಪ್ರಶ್ನೆಗಳಲ್ಲೊಂದು.

ಇಂಥ ಅಧ್ಯಯನದಲ್ಲಿ ಮೊದಲ ಅಳತೆ ಬಹಳ ಸರಳ. ಪ್ರಾಣಿಯ ಕಡೆಗೆ ಒಂದೇ ವೇಗದಲ್ಲಿ ನಡ್ಕೊಂಡು ಹೋಗೋದು, ಅದು ಓಡಿದ ಕ್ಷಣ ನಿಂತು, ನಮಗೂ ಅದಕ್ಕೂ ಎಷ್ಟು ದೂರ ಇತ್ತು ಅಂತ ಅಳೆಯೋದು. ಅಳಿಲು, ಹಕ್ಕಿ, ಹಲ್ಲಿ ಎಲ್ಲಕ್ಕೂ ಜಗತ್ತಿನ ಹಲವು ಊರುಗಳಲ್ಲಿ ಹೀಗೆ ಅಳೆದಿದ್ದಾರೆ. ಸಾಮಾನ್ಯವಾಗಿ ಪೇಟೆಯವು ನಮ್ಮನ್ನ ಹೆಚ್ಚು ಹತ್ತಿರ ಬಿಟ್ಟುಕೊಳ್ತವೆ. ಓಡೋದು ಪುಕ್ಕಟೆ ಅಲ್ಲ ನೋಡಿ. ಪ್ರತಿ ಸಲ ಓಡಿದಾಗಲೂ ಒಂದಿಷ್ಟು ಬಿಸಿಲು, ಒಂದಿಷ್ಟು ಇರುವೆ, ಸಿಗಬಹುದಾದ ಒಂದು ಹೆಣ್ಣು ತಪ್ಪಿ ಹೋಗುತ್ತೆ. ಲಾಲ್‌ಬಾಗಲ್ಲಿ ಬಂದೋರಿಗೆಲ್ಲ ಹೆದರಿ ಓಡಿದ್ರೆ ಅದು ಉಪವಾಸ ಸಾಯುತ್ತೆ. ಓಡಲಿಲ್ಲ ಅಂದ ಮಾತ್ರಕ್ಕೆ ಭಯ ಇಲ್ಲ ಅಂತಲ್ಲ, ಓಡೋದು ಕಟ್ಟುಬಡಿಯಲ್ಲ ಅಂತ ಅಷ್ಟೇ.

ಇಲ್ಲಿ ನಾನು ಓದೋದು ನಿಲ್ಲಿಸಿದೆ. ಒಳರೂಮಲ್ಲಿ ಅವ್ವ ನಿದ್ದೆ ಬರದೆ ಮಗ್ಗುಲು ಬದಲಿಸ್ತಿದ್ದಳು. ಹಾರ್ನಿಗೆ ಬೆಚ್ಚಿ ಬೀಳೋದು ನಿಂತಿತ್ತು, ನಿಜ. ಆದ್ರೆ ಅವಳು ಒಬ್ಬಳೇ ಕೆಳಗಿಳಿದು ಎಷ್ಟು ದಿನ ಆಗಿತ್ತು?

ಮುಂದೆ ಓದಿದೆ. ಪೇಟೆಯ ಪ್ರಾಣಿ ಹಳ್ಳಿಯದಕ್ಕಿಂತ ಬೇರೆ ಥರ ಇದ್ರೆ ಅದಕ್ಕೆ ಮೂರು ಕಾರಣ ಇರಬಹುದು. ನಮ್ಮ ಆಫೀಸ್ ಭಾಷೆಯಲ್ಲಿ ಹೇಳ್ತೀನಿ. ಒಂದು, ಪ್ರೋಗ್ರಾಂ ಅದೇ, ಸೆಟ್ಟಿಂಗ್ ಬದಲಾಗಿದೆ; ಅಂದ್ರೆ ಪ್ರಾಣಿ ತನ್ನ ಆಯುಸ್ಸಿನಲ್ಲೇ ಕಲಿತಿದೆ. ಎರಡು, ಯಾವುದೂ ಬದಲಾಗಿಲ್ಲ. ಮೊದಲೇ ಗಟ್ಟಿ ಗುಂಡಿಗೆ ಇದ್ದವು ಉಳಿದ್ವು, ಉಳಿದವು ಹೋದ್ವು. ಮೂರು, ತಲೆಮಾರು ಕಳೆದಂತೆ ಪ್ರೋಗ್ರಾಮೇ ಬದಲಾಗಿದೆ. ಹೊರಗಿಂದ ನೋಡಿದ್ರೆ ಮೂರೂ ಒಂದೇ ಥರ ಕಾಣುತ್ತೆ.

ಬೇರ್ಪಡಿಸೋಕೆ ಇರೋ ಒಂದು ದಾರಿ, ಎರಡೂ ಕಡೆಯವನ್ನ ತಂದು ಒಂದೇ ಪರಿಸರದಲ್ಲಿ ಇಟ್ಟು ನೋಡೋದು. ಫ್ರಾನ್ಸಿನ ಮಾಂಪೆಲಿಯೆ ಊರಲ್ಲಿ ಒಂದು ಪುಟ್ಟ ಹಳದಿ ಹೂವಿನ ಗಿಡದ ಮೇಲೆ ಹೀಗೆ ಮಾಡಿದ್ರು, ಫಲಿತಾಂಶ 2008ರಲ್ಲಿ ಪ್ರಕಟ ಆಯ್ತು. ಆ ಗಿಡ ಎರಡು ಥರ ಬೀಜ ಬಿಡುತ್ತೆ: ಗಾಳಿಗೆ ಹಾರೋ ಹಗುರ ಬೀಜ, ತಾಯಿ ಬುಡದಲ್ಲೇ ಬೀಳೋ ತೂಕದ ಬೀಜ. ಫುಟ್‌ಪಾತ್ ಮರದ ಬುಡದ ಗೇಣು ಮಣ್ಣಿನಲ್ಲಿ ಬೆಳೆದ ಗಿಡದ ಬೀಜ ಹಾರಿದ್ರೆ ಬೀಳೋದು ಕಾಂಕ್ರೀಟಿನ ಮೇಲೆ. ಹೊಲದ ಗಿಡ, ಫುಟ್‌ಪಾತಿನ ಗಿಡ ಎರಡರ ಬೀಜವನ್ನೂ ಒಂದೇ ಹಸಿರುಮನೆಯಲ್ಲಿ ಬೆಳೆಸಿದಾಗಲೂ ಪೇಟೆಯ ಗಿಡಗಳು ತೂಕದ ಬೀಜವನ್ನೇ ಹೆಚ್ಚು ಬಿಟ್ವು. ಅಂದ್ರೆ ಬದಲಾವಣೆ ರಕ್ತಕ್ಕೇ ಇಳಿದಿತ್ತು. ಅದಕ್ಕೆ ಹಿಡಿದದ್ದು ಸುಮಾರು 5ರಿಂದ 12 ತಲೆಮಾರು ಅಂತ ಅವರ ಅಂದಾಜು.

ನಮ್ಮ ಓತಿಗಳಿಗೂ ಇಂಥದೇ ಪರೀಕ್ಷೆ ಆಗಿದೆ. 2019ರಲ್ಲಿ ಅನುರಾಧಾ ಬಟಬ್ಯಾಲ್ ಮತ್ತು ಥಾಕರ್ ಹಳ್ಳಿ ಕಡೆಯ ಓತಿ, ಪೇಟೆ ಅಂಚಿನ ಓತಿ ಎರಡನ್ನೂ ಲ್ಯಾಬಿಗೆ ತಂದು, ಅಡಗಿಕೊಳ್ಳೋಕೆ ಎರಡೆರಡು ಜಾಗ ಕೊಟ್ರು. ಒಂದು ಸುರಕ್ಷಿತ, ಇನ್ನೊಂದಲ್ಲ. ಯಾವುದು ಎಂಥದ್ದು ಅಂತ ಪೇಟೆ ಅಂಚಿನವು ಬೇಗ ಕಲಿತ್ವು, ತಪ್ಪೂ ಕಮ್ಮಿ ಮಾಡಿದ್ವು. ಆದ್ರೆ ಅವು ಪೇಟೆಗೆ ಬಂದು ಚುರುಕಾದ್ವಾ, ಚುರುಕಾದವು ಮಾತ್ರ ಅಲ್ಲಿ ಉಳಿದ್ವಾ? ಅದು ಬೇರೆಯದೇ ಪ್ರಶ್ನೆ.

ಆ ಪ್ರಶ್ನೆ ನನಗೇ ತಿರುಗಿತು. ಬಿಇ ಮುಗಿಸಿ ಬಿಟಿಎಂ ಲೇಔಟಿನ ಪಿಜಿಗೆ ಬಂದಾಗ ನನ್ನ ರೂಮಲ್ಲಿ ನಾವು ಮೂವರಿದ್ವಿ. ಒಬ್ಬ ಆರೇ ತಿಂಗಳಿಗೆ ಊರಿಗೆ ವಾಪಸ್ ಹೋದ. ನನಗಿಂತ ಚೆನ್ನಾಗಿ ಕೋಡ್ ಬರೀತಿದ್ದೋನು, ಒಂದು ದಿನ ಚೀಲ ತುಂಬ್ಕೊಂಡು ಹೋಗೇಬಿಟ್ಟ. "ನಂಗೂ ಅಭ್ಯಾಸ ಆಗ್ಲಿಲ್ವಾ" ಅಂತ ಅವ್ವನಿಗೆ ಹೇಳುವಾಗ ನನ್ನ ಲೆಕ್ಕದಲ್ಲಿ ಅವನು ಇರಲೇ ಇಲ್ಲ. ಉಳಿದೋರನ್ನ ಮಾತ್ರ ಎಣಿಸಿ, ಎಲ್ಲರೂ ಉಳೀತಾರೆ ಅಂದಿದ್ದೆ.

ವಿಜ್ಞಾನಿಗಳು ಸುಮ್ಮನೆ ಕೂತ ಪ್ರಾಣಿಯನ್ನ ನೋಡಿ ಆರಾಮಾಗಿದೆ ಅಂತ ಬರ್ಕೊಳ್ಳಲ್ಲ. ಒಂದು ಹನಿ ರಕ್ತ ತೆಗೆದು ಒತ್ತಡದ ಹಾರ್ಮೋನು ಎಷ್ಟಿದೆ ನೋಡ್ತಾರೆ. ನಾನು ಅವ್ವನನ್ನ ಒಂದು ಮಾತೂ ಕೇಳಿರಲಿಲ್ಲ.

ಮಾರನೇ ದಿನ ಕೇಳಿದೆ. "ಅವ್ವಾ, ಇಲ್ಲಿ ನಿಂಗೆ ಹೆಂಗನ್ನಿಸ್ತದೆ?"

"ಚೆನ್ನಾಗೈತೆ ಕಣಪ್ಪ. ನಿನ್ ಹೆಂಡ್ತಿ ಚೆನ್ನಾಗ್ ನೋಡ್ಕತಾಳೆ." ಸೊಪ್ಪು ಬಿಡಿಸೋದು ಮುಂದುವರಿಸಿದಳು. ಕಟ್ಟು ಮುಗಿದ ಮೇಲೆ ಅಂದಳು, "ಕಡ್ಲೇಕಾಯಿ ಬಿತ್ತೋ ಹೊತ್ಗೆ ಊರಿಗೆ ಬಿಟ್ ಬಂದ್ಬಿಡಪ್ಪ."

ನಾನು ವಾದ ಮಾಡ್ದೆ. ಬಿಪಿ ಮಾತ್ರೆ, ರಾತ್ರಿ ಹೊತ್ತು, ಹತ್ತಿರ ಆಸ್ಪತ್ರೆ ಇಲ್ಲ. ಅವಳು ಎಲ್ಲಕ್ಕೂ "ಹೂಂ" ಅಂದಳು, ಮಾತು ಮಾತ್ರ ಬದಲಿಸಲಿಲ್ಲ. ಆ ಶನಿವಾರ ಮೆಜೆಸ್ಟಿಕ್‌ನಲ್ಲಿ ಇಬ್ಬರೂ ಬಸ್ ಹತ್ತಿದ್ವಿ.

ಈಗ ಎರಡು ವಾರಕ್ಕೊಮ್ಮೆ ನಾನು ಊರಿಗೆ ಹೋಗ್ತೀನಿ. ರಾತ್ರಿ ಒಂಬತ್ತಕ್ಕೆ ಅವಳ ಫೋನ್ ಬರದಿದ್ರೆ ಇವತ್ತಿಗೂ ಕೈ ನಡುಗುತ್ತೆ. ಸರಿ ಮಾಡಿದ್ನಾ ಅಂತ ಖಾತ್ರಿ ಇಲ್ಲ. ಆದ್ರೆ ಫೋನಲ್ಲಿ ಅವಳು ಈಗ ಬೈತಾಳೆ, ಜಗಳದ ಸುದ್ದಿ ಹೇಳ್ತಾಳೆ, ಮಳೆಗೆ ಶಾಪ ಹಾಕ್ತಾಳೆ.

ಮೊನ್ನೆ ಹೋದಾಗ, ಮನೆ ಹಿಂದಿನ ಬಂಡೆ ಮೇಲೆ ಅವ್ವ ಮೆಣಸಿನಕಾಯಿ ಒಣಹಾಕಿದ್ದಳು. ಆಚೆ ತುದಿಯಲ್ಲಿ ಒಂದು ಓತಿಕ್ಯಾತ. ವಿಜ್ಞಾನಿ ಥರ ಒಂದೇ ವೇಗದಲ್ಲಿ ನಡೆದೆ. ಹನ್ನೆರಡು ಹೆಜ್ಜೆ ದೂರ ಇರುವಾಗಲೇ ಓಡ್ತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಅವ್ವ ಮೆಣಸಿನಕಾಯಿ ಕೈಯಾಡಿಸ್ತಾ ನಾಲ್ಕು ಹೆಜ್ಜೆ ಹತ್ತಿರ ಹೋದಳು. ಅದು ಬರೀ ತಲೆ ಆಡಿಸ್ತು.

"ನೋಡವ್ವ, ನಿಂಗೆ ಹೆದರಲ್ಲ, ನಂಗೆ ಹೆದರ್ತದೆ" ಅಂದೆ.

ಅವ್ವ ನಕ್ಕಳು. "ನಿನ್ ಗುರ್ತು ಹಿಡೀತು ಕಣ್ಲಾ. ಕಲ್ಲೇನ್ ಕಮ್ಮಿ ಹೊಡ್ದಿದ್ಯಾ?"