ಕೊನೆಯ ಖೋಲಿಯ ನೀರು

"ಮೀನಿನ ಮನಿಗೂ ಸಂಪು ಅದಾ?" ಅಂತ ಅವ್ವ ಕೇಳಿದಾಗ ನಾನು ಅಕ್ವೇರಿಯಂ ಕೆಳಗಿನ ಕಪಾಟಿನೊಳಗೆ ತಲೆ ತೂರಿಸಿಕೊಂಡು ಮಲಗಿದ್ದೆ. ಬಾಯಲ್ಲಿ ಟಾರ್ಚು, ಕೈಯಲ್ಲಿ ಕಿರುಬೆರಳಿನಷ್ಟು ಉದ್ದದ ಒಂದು ಸೆನ್ಸರ್. ಹೂಂ ಅನ್ನೋಕೂ ಆಗಲಿಲ್ಲ.

ಅದು 2024ರ ಮಾರ್ಚ್. ಬೆಂಗಳೂರಿನ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಡುತ್ತಿದ್ದ ತಿಂಗಳು. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಟ್ಯಾಂಕರ್ ಬಂತಾ, ಇಲ್ವಾ ಅನ್ನೋದು ಬಿಟ್ಟು ಬೇರೆ ಮಾತೇ ಇರಲಿಲ್ಲ. ಅಂಥ ಹೊತ್ತಲ್ಲಿ ಹಾಲ್‌ನಲ್ಲಿ ಮುನ್ನೂರು ಲೀಟರ್ ನೀರಿನಲ್ಲಿ ಮೀನು ಸಾಕಿಕೊಂಡವನು ನಾನು. ಗ್ರೂಪಿನಲ್ಲಿ ಈ ವಿಷಯ ಇವತ್ತಿನವರೆಗೂ ಬಾಯಿಬಿಟ್ಟಿಲ್ಲ. ಈ ಬರಹ ಓದಿದರೆ ಗೊತ್ತಾಗುತ್ತೆ, ಆಗಲಿ.

ಅವ್ವನ ಪ್ರಶ್ನೆ ಸರಿಯಾದದ್ದೇ. ದೊಡ್ಡ ಅಕ್ವೇರಿಯಂ ಕೆಳಗೂ ಒಂದು ಸಂಪು ಇರುತ್ತೆ. ಮೇಲಿನ ತೊಟ್ಟಿ ತುಂಬಿ ಹೆಚ್ಚಾದ ನೀರು ಪೈಪಿನಲ್ಲಿ ಕೆಳಗಿಳಿಯುತ್ತೆ. ಕೆಳಗಿನ ತೊಟ್ಟಿಯನ್ನು ಗಾಜಿನ ಅಡ್ಡಗೋಡೆ ಹಾಕಿ ಮೂರು ಖೋಲಿ ಮಾಡಿರುತ್ತಾರೆ. ಮೊದಲನೆಯದರಲ್ಲಿ ಕಸ ನಿಲ್ಲುತ್ತೆ, ಎರಡನೆಯದರಲ್ಲಿ ಮೀನಿನ ಹೊಲಸನ್ನು ಕರಗಿಸುವ ಬ್ಯಾಕ್ಟೀರಿಯಾ ಸಂಸಾರ ಹೂಡಿರುತ್ತೆ, ಮೂರನೆಯದರಲ್ಲಿ ಪಂಪು. ಪಂಪು ನೀರನ್ನು ಮತ್ತೆ ಮೇಲಕ್ಕೆ ತಳ್ಳುತ್ತೆ.

ಇದರಲ್ಲಿ ಒಂದು ವಿಚಿತ್ರ ಇದೆ. ನೀರು ದಿನಾ ಆವಿಯಾಗುತ್ತಲೇ ಇರುತ್ತೆ. ನಮ್ಮ ಮನೆಯಲ್ಲಿ ಬೇಸಿಗೆಗೆ ದಿನಕ್ಕೆ ಒಂದೂವರೆ ಲೀಟರ್. ಆದರೆ ಮೇಲಿನ ತೊಟ್ಟಿ ನೋಡಿದರೆ ಗೊತ್ತಾಗಲ್ಲ, ಅದು ಯಾವಾಗಲೂ ಅಂಚಿನವರೆಗೆ ತುಂಬೇ ಇರುತ್ತೆ. ಮೊದಲೆರಡು ಖೋಲಿಗಳೂ ಅಷ್ಟೇ, ಅಡ್ಡಗೋಡೆಯ ಎತ್ತರಕ್ಕೆ ನೀರು ನಿಂತಿರುತ್ತೆ. ಇಡೀ ಮನೆಯಲ್ಲಿ ಎಲ್ಲಿ ಎಷ್ಟು ಆವಿಯಾದರೂ ಕಮ್ಮಿ ಬೀಳುವುದು ಕೊನೆಯ ಖೋಲಿಯಲ್ಲಿ ಮಾತ್ರ. ನನ್ನ ಸಂಪಿನ ಕೊನೆಯ ಖೋಲಿ 25 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ. ಅಂದರೆ ಒಂದೂವರೆ ಲೀಟರ್ ಹೋದರೆ ಅಲ್ಲಿ ಹೆಚ್ಚುಕಮ್ಮಿ 1.7 ಸೆಂ.ಮೀ. ಇಳಿಯುತ್ತೆ. ವಾರಗಟ್ಟಲೆ ಮರೆತರೆ ಪಂಪು ಗಾಳಿ ಎಳೆದು, ಕಾದು, ಸುಟ್ಟುಹೋಗುತ್ತೆ. ಹಾಗಾಗಿ ಸೆನ್ಸರ್ ಹಾಕುವುದಿದ್ದರೆ ಅಲ್ಲೇ ಹಾಕಬೇಕು. ಮಟ್ಟ ಇಳಿದರೆ ಪಕ್ಕದ ಕ್ಯಾನಿನಿಂದ ಸಣ್ಣ ಪಂಪೊಂದು ಒಳ್ಳೆ ನೀರು ತಂದು ಸುರಿಯಬೇಕು, ಸರಿಹೋದರೆ ನಿಲ್ಲಿಸಬೇಕು.

ಒಳ್ಳೆ ನೀರು ಅಂದೆ. ಆವಿಯಾಗುವುದು ನೀರು ಮಾತ್ರ, ಸುಣ್ಣ ಹಿಂದೆ ಉಳಿಯುತ್ತೆ. ಬೋರ್ ನೀರನ್ನೇ ಮತ್ತೆ ಮತ್ತೆ ಸುರಿದರೆ ತೊಟ್ಟಿ ದಿನದಿಂದ ದಿನಕ್ಕೆ ಗಡಸಾಗುತ್ತೆ. ಅದಕ್ಕೆ ಆರ್‌ಒ ನೀರು. ಅಂದರೆ ನಾವು ಕುಡಿಯುವ ನೀರು.

ಗಡಸು ನೀರಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮೂರು ಭಂಕೂರ, ಶಹಾಬಾದ್ ಪಕ್ಕ. ನೀವು ಬಚ್ಚಲಿಗೋ ಅಂಗಳಕ್ಕೋ ಶಹಾಬಾದ್ ಕಲ್ಲು ಹಾಸಿಕೊಂಡಿರುತ್ತೀರಲ್ಲ, ಅದು ನಮ್ಮ ಕಡೆಯದು. ನಾವು ಫರ್ಸಿ ಅಂತೀವಿ. ಅದು ಸುಣ್ಣದ ಕಲ್ಲು. ಒಂದು ಹನಿ ನಿಂಬೆರಸ ಬಿಟ್ಟರೆ ಬುರುಬುರು ಅನ್ನುತ್ತೆ. ವಾಡಿಯಲ್ಲಿ ಸಿಮೆಂಟ್ ಫ್ಯಾಕ್ಟರಿ ಬಂದದ್ದೂ ಈ ಕಲ್ಲಿಗಾಗಿಯೇ. ಅಂಥ ನೆಲದ ನೀರಲ್ಲಿ ಕುಕ್ಕರ್ ಒಳಗೆ ಬಿಳಿ ಗೆರೆ ಕೂಡುತ್ತೆ, ಸಾಬೂನು ನೊರೆ ಬರಲ್ಲ, ಬೇಳೆ ಬೇಯಲ್ಲ. ನನ್ನ ಮೀನುಗಳು ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳು. ಅವಕ್ಕೆ ಗಡಸು ನೀರೇ ಇಷ್ಟ. ಊರಿಂದ ಬರುವಾಗ ಬ್ಯಾಗಿನಲ್ಲಿ ಫರ್ಸಿ ಚೂರು ತಂದು ಒಂದರ ಮೇಲೊಂದು ಜೋಡಿಸಿ ಅವಕ್ಕೆ ಗವಿ ಮಾಡಿಕೊಟ್ಟಿದ್ದೀನಿ. ಬಸ್ಸಿನಲ್ಲಿ ಆ ಬ್ಯಾಗು ಎತ್ತಿದ ಕಂಡಕ್ಟರ್ "ಏನ್ರೀ ಸರ, ಕಲ್ಲು ತುಂಬ್ಯಾರೇನು?" ಅಂದ. ಹೌದು ಅಂದರೂ ನಂಬಲಿಲ್ಲ.

ಸೆನ್ಸರ್ ವಿಷಯಕ್ಕೆ ಬರ್ತೀನಿ. ಮೊದಲು ಹಾಕಿದ್ದು ಫ್ಲೋಟ್ ಸ್ವಿಚ್. ನೀರಿನ ಜೊತೆ ತೇಲಿ ಮೇಲೆ ಕೆಳಗೆ ಆಡುವ ಸಣ್ಣ ಬುರುಡೆ. ಒಂದು ಬಸವನಹುಳು ಅದರ ಕಡ್ಡಿ ಹತ್ತಿ ಕೂತು ಬುರುಡೆ ಅಲ್ಲಾಡದಂತೆ ಮಾಡಿತು. ಎರಡನೆಯದು ಬೆಳಕಿನ ಸೆನ್ಸರ್, ಅವತ್ತು ಕೈಯಲ್ಲಿದ್ದದ್ದು. ಇದರ ತುದಿ ಪಟ್ಟಕದಂತೆ ಚೂಪಾಗಿರುತ್ತೆ. ಒಳಗಿನಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬರುತ್ತೆ. ಹೊರಗೆ ಗಾಳಿ ಇದ್ದರೆ ಬೆಳಕು ತುದಿಯಲ್ಲಿ ಪೂರ್ತಿ ಪ್ರತಿಫಲಿಸಿ ವಾಪಸ್ ಬರುತ್ತೆ, ನೀರಿದ್ದರೆ ಬಹುಪಾಲು ಆಚೆ ಹೊರಟುಹೋಗುತ್ತೆ. ಬೆಳಕು ಮರಳಿ ಬಂತು ಅಂದರೆ ನೀರಿಲ್ಲ ಅಂತ ಲೆಕ್ಕ. ಅಲ್ಲಾಡುವ ಭಾಗವೇ ಇಲ್ಲ, ಬಸವನಹುಳುವಿಗೆ ಕೆಲಸವಿಲ್ಲ. ಖುಷಿಯಿಂದ ಗಾಜಿಗೆ ಕ್ಲಿಪ್ ಹಾಕಿ ಸಿಕ್ಕಿಸಿದೆ. ಎಲ್ಲಿ? ಕೈಗೆ ಸುಲಭವಾಗಿ ಎಟುಕುವ ಕಡೆ. ಎರಡನೇ ಖೋಲಿಯಿಂದ ಮೂರನೆಯದಕ್ಕೆ ನೀರು ಧುಮುಕುತ್ತಲ್ಲ, ಸರಿಯಾಗಿ ಅದರ ಬುಡದಲ್ಲಿ.

ಐದನೇ ರಾತ್ರಿ, ಸುಮಾರು ಎರಡೂವರೆಗೆ ಅವ್ವ ಎಬ್ಬಿಸಿದಳು. "ಏಳೋ, ನೀರು ಹರೀಲತ್ತಾವ."

ಹಾಲ್ ತುಂಬ ನೀರು. ನೀರು ಬೀಳುವ ಜಾಗದಲ್ಲಿ ಗುಳ್ಳೆಗಳೇಳುತ್ತವೆ, ಅವು ಸೆನ್ಸರ್ ತುದಿಗೆ ಅಂಟಿಕೊಂಡಿದ್ದವು. ಗುಳ್ಳೆ ಅಂದರೆ ಗಾಳಿ. ಗಾಳಿ ಅಂದರೆ ನೀರಿಲ್ಲ. ನೀರಿನೊಳಗೆ ಮುಳುಗಿಕೊಂಡೇ ಸೆನ್ಸರ್ ನೀರಿಲ್ಲ ನೀರಿಲ್ಲ ಅಂತ ಕೂಗುತ್ತಿತ್ತು, ಸಣ್ಣ ಪಂಪು 25 ಲೀಟರಿನ ಕ್ಯಾನ್ ಖಾಲಿಯಾಗುವವರೆಗೆ ಸುರಿಯುತ್ತಲೇ ಇತ್ತು. ಸಂಪಿನಲ್ಲಿ ಹದಿನೈದು ಲೀಟರಿಗೆ ಜಾಗವಿತ್ತು, ಉಳಿದ ಹತ್ತು ನೆಲದ ಮೇಲೆ. ಇಪ್ಪತ್ತು ಸೆಕೆಂಡ್ ಮೀರಿ ಪಂಪು ಓಡಬಾರದು ಅಂತ ನಾನೇ ಒಂದು ಸಾಲು ಕೋಡ್ ಬರೆದಿದ್ದೆ. ಟೆಸ್ಟಿಂಗ್ ಮಾಡುವಾಗ ಅಡ್ಡಿ ಅಂತ ಅದರ ಮುಂದೆ ಎರಡು ಗೆರೆ ಎಳೆದು ಕಾಮೆಂಟ್ ಮಾಡಿ ಮರೆತಿದ್ದೆ. ಆಫೀಸಿನಲ್ಲಿ ಬೇರೆಯವರ ಕೋಡ್‌ನಲ್ಲಿ ಇಂಥದ್ದು ಕಂಡರೆ ನಾಲ್ಕು ಮಾತು ಬರೆಯುವವನು ನಾನು.

ನಾನು ವೈಪರ್ ತಂದೆ, ಬಾಲ್ಕನಿ ಕಡೆ ತಳ್ಳೋಣ ಅಂತ. ಅವ್ವ ಕಸಿದು ಪಕ್ಕಕ್ಕಿಟ್ಟಳು. ತನ್ನ ಹಳೇ ಸೀರೆಯ ತುಂಡು ಹಾಸಿ, ನೀರು ಹೀರಿಸಿ, ಬಕೆಟ್‌ಗೆ ಹಿಂಡತೊಡಗಿದಳು. ಹಾಸು, ಎತ್ತು, ಹಿಂಡು. ಹತ್ತು ಲೀಟರಿಗೆ ಮುಕ್ಕಾಲು ಗಂಟೆ ಹಿಡಿಯಿತು. "ಸಂಡಾಸಕ್ಕರೆ ಬರ್ತಾವ" ಅಂದಳು. ಹಿಂಡುವಾಗ ಎಡಗೈ ಮೇಲೆತ್ತಲಾಗದೆ ಅವಳು ಒಮ್ಮೆ ಹಲ್ಲು ಕಚ್ಚಿದ್ದು ಕಂಡಿತು.

"ಏನಾಗ್ಯಾದ ಭುಜಕ್ಕ?"

"ಏನಿಲ್ಲೋ. ಕೊಡ ಹೊತ್ತು ಹೊತ್ತು ಹಿಡ್ಕೊಂಡದ."

"ಯಾವ ಕೊಡ?"

ಆಗ ಹೊರಗೆ ಬಂತು. ಮನೆ ಹತ್ತಿರದ ಬೋರ್ ಬತ್ತಿ ಇಪ್ಪತ್ತು ದಿನ ಆಗಿತ್ತಂತೆ. ನಮ್ಮದು ಓಣಿಯ ಕಟ್ಟಕಡೆಯ ಮನೆ, ಸ್ವಲ್ಪ ಏರಿನಲ್ಲಿದೆ. ನಳದ ನೀರು ಮೊದಲಿನ ಮನೆಗಳ ಕೊಡ ತುಂಬಿ, ಹೌದ ತುಂಬಿ, ಆಮೇಲೆ ನಮ್ಮ ಹತ್ತಿರ ಬರೋ ಹೊತ್ತಿಗೆ ನೂಲಿನಷ್ಟು ಆಗಿರುತ್ತೆ. ಚಿಕ್ಕಂದಿನಿಂದ ನೋಡಿದ್ದೇ. ಓಣಿಯ ಬಾಯಲ್ಲಿ ನಿಂತವರಿಗೆ ಊರಲ್ಲಿ ನೀರಿನ ತ್ರಾಸು ಇದೆ ಅಂತಲೇ ಅನ್ನಿಸಲ್ಲ. ಅವ್ವ, ಅಪ್ಪ ಇಬ್ಬರೂ ಒಂದು ಫರ್ಲಾಂಗ್ ದೂರದಿಂದ ಹೊರುತ್ತಿದ್ದರು. ಅವ್ವ ಇಲ್ಲಿಗೆ ಬಂದ ಮೇಲೆ ಅಪ್ಪ ಒಬ್ಬನೇ. ನಾನು ಪ್ರತಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ "ನೀರು ಬರ್ಲತ್ತಾವೇನು?" ಅಂತ ಕೇಳುತ್ತಿದ್ದೆ. "ಬರ್ತಾವ, ನಿಂದು ಊಟ ಆಯ್ತೇನು?" ಅನ್ನುತ್ತಿದ್ದಳು. ಅದೇ ಫೋನಿನಲ್ಲಿ ಮೀನಿನ ಸಂಪಿನ ಮಟ್ಟ ತೋರಿಸುವ ಗ್ರಾಫ್ ಇತ್ತು, ನಾನೇ ಮಾಡಿದ್ದು.

ಜಗಳ ಆಡಿದೆ, ಸುಳ್ಳು ಯಾಕೆ ಹೇಳ್ದಿ ಅಂತ. "ಹೇಳಿದ್ರ ನೀ ಅಲ್ಲಿಂದ ಪೈಪ್ ಹಾಕ್ತಿದ್ದೇನು?" ಅಂದಳು. ಬಕೆಟ್ ಎತ್ತಿಕೊಂಡು ಹೋದಳು.

ಬೆಳಿಗ್ಗೆ ಚಹಾ ಕುಡಿಯುತ್ತ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು. "ನೀರು ಬೀಳೋ ಕಡಿ ಯಾಕ ಇಟ್ಟಿ? ನಮ್ಮ ಹೌದದಾಗ ನಿಮ್ಮಪ್ಪ ಗೆರಿ ಎಲ್ಲಿ ಹೊಡದಾರ?" ಅಂದಳು. ನೆನಪಾಯಿತು. ಅಂಗಳದಲ್ಲಿ ಫರ್ಸಿಯಿಂದ ಕಟ್ಟಿದ ಹೌದ ಇದೆ. ನಳ ಬೀಳುವ ಮೂಲೆಗೆ ಎದುರಿನ ಮೂಲೆಯಲ್ಲಿ, ಕಲ್ಲಿನ ಮೇಲೆ ಉಳಿಯಿಂದ ಕೊರೆದ ಗೆರೆ. ನೀರು ಆ ಗೆರೆಗಿಂತ ಕೆಳಗಿಳಿದರೆ ಅವತ್ತು ಸ್ನಾನ ಇಲ್ಲ, ಕೈಕಾಲು ಮುಖ ಅಷ್ಟೇ. ನಳದ ಕೆಳಗೆ ಅಲೆ ಏಳುತ್ತೆ, ಅಲ್ಲಿ ಗೆರೆ ಹೊಡೆದರೆ ನೀರು ಎಷ್ಟಿದೆ ತಿಳಿಯಲ್ಲ. ನಾನು ಬಿ.ಇ. ಓದಿದವನು.

ಅವತ್ತೇ ಬದಲಿಸಿದೆ. ದೂರದ ಮೂಲೆಗೆ, ಪಂಪು ಎಳೆಯುವ ಬಾಯಿಯಿಂದಲೂ ಆಚೆಗೆ. ಸೆನ್ಸರ್ ಸುತ್ತ ಒಂದು ಗೇಣು ಪಿವಿಸಿ ಪೈಪ್ ನಿಲ್ಲಿಸಿ, ಕೆಳಗೆ ನಾಲ್ಕು ಸಣ್ಣ ತೂತು ಕೊರೆದೆ. ನೀರು ತೂತಿನಿಂದ ನಿಧಾನ ಒಳಬರುತ್ತೆ, ಅಲೆ ಮತ್ತು ಗುಳ್ಳೆ ಹೊರಗೇ ಉಳಿಯುತ್ತವೆ. ನದಿಯ ಮಟ್ಟ ಅಳೆಯುವವರು ದಡದಲ್ಲಿ ಬಾವಿ ಕಟ್ಟುವುದೂ ಹೀಗೆಯೇ. ಮೂರು ಸೆಂ.ಮೀ. ಮೇಲೆ ಇನ್ನೊಂದು ಸೆನ್ಸರ್ ಇಟ್ಟೆ. ಅದಕ್ಕೆ ನೀರು ತಾಗಿದರೆ ಕೆಳಗಿನದು ಏನೇ ಹೇಳಲಿ, ಪಂಪು ಬಂದ್. ಕ್ಯಾನ್ ಐದು ಲೀಟರಿನದು ಮಾಡಿದೆ, ಎಲ್ಲವೂ ಕೆಟ್ಟರೂ ಸಂಪು ಉಕ್ಕಲ್ಲ. ಇಪ್ಪತ್ತು ಸೆಕೆಂಡಿನ ಸಾಲಿನ ಮುಂದಿದ್ದ ಎರಡು ಗೆರೆ ಅಳಿಸಿದೆ. ತಿಂಗಳಿಗೊಮ್ಮೆ ಸೆನ್ಸರ್ ತುದಿಯ ಸುಣ್ಣವನ್ನು ವಿನೆಗರ್ ಹಚ್ಚಿ ಒರೆಸ್ತೀನಿ. ಅಲ್ಲಿಂದ ಇಲ್ಲಿವರೆಗೆ ಒಂದು ಹನಿ ಹೊರಗೆ ಬಿದ್ದಿಲ್ಲ.

ಏಪ್ರಿಲ್‌ನಲ್ಲಿ ಅವ್ವನನ್ನು ಬಿಡೋಕೆ ಊರಿಗೆ ಹೋದಾಗ ಇನ್ನೊಂದು ಸೆನ್ಸರ್ ಒಯ್ದೆ. ಇದು ಶಬ್ದದ್ದು, ಮುಚ್ಚಳದ ಕೆಳಗೆ ಕೂತು ನೀರಿಗೆ ಕೂಗಿ ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತು ಅಂತ ಎಣಿಸುತ್ತೆ. ಇಪ್ಪತ್ತೈದು ಸೆಂ.ಮೀ. ಒಳಗಿನದು ಅದಕ್ಕೆ ತಿಳಿಯಲ್ಲ, ಹಾಗಾಗಿ ಹೌದದ ಮೇಲೆ ಎತ್ತರದ ಡಬ್ಬಿ ಮಾಡಿ ಕೂರಿಸಬೇಕಾಯಿತು. ಜಾಗ ಅಪ್ಪನ ಗೆರೆ ಇರುವ ಮೂಲೆ. ಅಪ್ಪ ಫರ್ಸಿಗೆ ತೂತು ಹೊಡೆದುಕೊಟ್ಟ, ಮಾತಾಡಲಿಲ್ಲ. ಕೆಲಸ ಮುಗಿದ ಮೇಲೆ "ಇದ್ರಿಂದ ನೀರು ಬರ್ತಾವೇನು?" ಅಂತ ಕೇಳಿದ. ಇಲ್ಲ ಅಂದೆ. ನೀರಿಗಾಗಿ ಎರಡು ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ತರಿಸಿ, ಬೇಸಿಗೆ ಮುಗಿಯುವವರೆಗೆ ವಾರಕ್ಕೊಂದು ಟ್ಯಾಂಕರ್ ಗೊತ್ತು ಮಾಡಿ ಬಂದೆ. ಮೀನಿನ ಖರ್ಚಿಗಿಂತ ಅದು ಬಹಳ ಹೆಚ್ಚೇನಾಗಲಿಲ್ಲ.

ಈಗ ನನ್ನ ಫೋನಿನಲ್ಲಿ ಎರಡು ಗ್ರಾಫ್ ಇವೆ. ಹೌದದ ಗೆರೆ ದಿನಾ ಬೆಳಿಗ್ಗೆ 4.40ರ ಸುಮಾರಿಗೆ ಎರಡು ಸೆಂ.ಮೀ. ಇಳಿಯುತ್ತೆ, ಅವ್ವ ಅಂಗಳಕ್ಕೆ ನೀರು ಹಾಕುವ ಹೊತ್ತು. ಇವತ್ತು ಐದೂವರೆ ಆದರೂ ಇಳಿದಿರಲಿಲ್ಲ. ಫೋನ್ ಮಾಡಿದೆ.

"ನಳ ಬಂದಿತ್ತೋ, ಸೀದಾ ಕೊಡಕ್ಕೇ ಹಿಡದೀನಿ" ಅಂದಳು. "ನೀ ಯಾಕ ಇಷ್ಟು ಲಗೂನ ಎದ್ದೀ?"