ತೇಪೆ ಹಾಕುವ ಮುನ್ನ ಒಳಗನ್ನು ನೋಡಬೇಕು

ಗಾಳಿ ತುಂಬಿದ ರಬ್ಬರ್ ಟೈರನ್ನು ಜಾನ್ ಬಾಯ್ಡ್ ಡನ್‌ಲಪ್ ಅವರು 1888ರಲ್ಲಿ ಬಳಕೆಗೆ ತಂದಂದಿನಿಂದ, ಗಾಳಿ ಹೋದರೆ ಬಂಡಿ ನಿಲ್ಲಬೇಕು ಎಂಬುದು ಎಲ್ಲರೂ ಅರಿತ ನಿಯಮವಾಗಿತ್ತು. ಆ ನಿಯಮವನ್ನು ಮೀರಿದ ರನ್‌ಫ್ಲಾಟ್ ಟೈರುಗಳು ಈಗ ನಮ್ಮ ಸದ್ಭಕ್ತರ ಮನೆಗಳ ಕಾರುಗಳಲ್ಲಿಯೂ ಕಾಣಬರುತ್ತಿವೆ. ಇವುಗಳ ಪಕ್ಕದ ಗೋಡೆಯನ್ನು ದಪ್ಪ ರಬ್ಬರಿನಿಂದ ಬಲಪಡಿಸಿರುವುದರಿಂದ, ಗಾಳಿ ಪೂರ್ತಿ ಇಳಿದರೂ ಅವು ಕಾರಿನ ಭಾರವನ್ನು ಹೊರಬಲ್ಲವು. ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ ಸುಮಾರು 80 ಕಿ.ಮೀ. ದೂರ ಹೋಗಬಹುದೆಂಬುದು ಸಾಮಾನ್ಯವಾದ ಮಿತಿ. ಇಂತಹ ಅನೇಕ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ.

ಇದೊಂದು ದೊಡ್ಡ ಅನುಕೂಲವೇ ಸರಿ. ಆದರೆ ಅನುಕೂಲದ ಜೊತೆಗೆ ಒಂದು ಅಪಾಯವೂ ಬಂದಿದೆ. ಟೈರು ಚಪ್ಪಟೆಯಾಗಿ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಆದ ಘಾಸಿಯೂ ಕಾಣುವುದಿಲ್ಲ.

ಒಮ್ಮೆ ನಾವು ಒಬ್ಬ ಭಕ್ತರ ಕುಟುಂಬದೊಡನೆ ಚಿತ್ರದುರ್ಗದಿಂದ ಹಾವೇರಿಯ ಕಡೆಗೆ ಹೊರಟಿದ್ದೆವು. ದಾರಿಯಲ್ಲಿ ಗಾಳಿಯ ಒತ್ತಡ ಇಳಿದಿದೆ ಎಂಬ ದೀಪ ಹೊತ್ತಿಕೊಂಡಿತು. ಮನೆಯ ಮಗ ನಿಧಾನವಾಗಿ ಓಡಿಸಿ ದಾವಣಗೆರೆಯ ಒಂದು ಟೈರಿನ ಅಂಗಡಿಗೆ ಮುಟ್ಟಿಸಿದನು. ಟೈರಿನ ನಡುವೆ ಒಂದು ಸಣ್ಣ ಮೊಳೆ ನೆಟ್ಟಿತ್ತು, ಅಷ್ಟೇ. ಯಜಮಾನರು, "ಒಂದು ಬತ್ತಿ ಹಾಕಿ ಕಳಿಸಪ್ಪಾ, ಹೊತ್ತು ಮುಳುಗೋದರೊಳಗೆ ಊರು ಸೇರಬೇಕು" ಎಂದರು. ಆ ಕೆಲಸಗಾರನು, "ಒಳಗೆ ನೋಡದೆ ಹಾಕೋದಿಲ್ಲ ಯಜಮಾನ್ರೇ, ಮಕ್ಕಳು ಕೂತಿರೋ ಗಾಡಿ" ಎಂದನು. ಅವನು ಟೈರನ್ನು ರಿಮ್ಮಿನಿಂದ ಬಿಚ್ಚಿ ತೋರಿಸಿದಾಗ, ಒಳಗೆಲ್ಲ ಕಪ್ಪು ರಬ್ಬರಿನ ಪುಡಿ ಉದುರಿತ್ತು. ಪಕ್ಕದ ಗೋಡೆಯ ಒಳಮೈ ಸುಕ್ಕುಗಟ್ಟಿತ್ತು. ಯಜಮಾನರು ಹೊಸ ಟೈರಿನ ಬೆಲೆ ಕೇಳಿ ಕ್ಷಣಕಾಲ ಸುಮ್ಮನಾದರು. ಹಿಂದಿನ ಸೀಟಿನಲ್ಲಿ ನಿದ್ರಿಸುತ್ತಿದ್ದ ಮೊಮ್ಮಗಳ ಕಡೆ ನೋಡಿ, "ಹೊಸದೇ ಹಾಕು" ಎಂದರು. ಟೈರು ಮರುದಿನ ಬಂದಿತು. ಆ ರಾತ್ರಿ ನಾವೆಲ್ಲ ಅವರ ಬೀಗರ ಮನೆಯಲ್ಲಿ ತಂಗಿದೆವು.

ಇದರ ಕಾರಣವನ್ನು ತಿಳಿಯುವುದು ಒಳಿತು. ಗಾಳಿಯಿಲ್ಲದೆ ಉರುಳುವಾಗ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಬಾಗಿ ಏಳುತ್ತದೆ. ಅದರಿಂದ ಶಾಖ ಹುಟ್ಟಿ, ರಬ್ಬರೂ ಅದರೊಳಗಿನ ಎಳೆಗಳೂ ದುರ್ಬಲಗೊಳ್ಳುತ್ತವೆ. ಬತ್ತಿಯು ತೂತನ್ನು ಮುಚ್ಚಬಲ್ಲದು. ಕಳೆದುಹೋದ ಬಲವನ್ನು ಮರಳಿ ಕೊಡಲಾರದು. ಅಂತಹ ಟೈರು ವೇಗದಲ್ಲಿರುವಾಗ ಒಮ್ಮೆಲೇ ಹರಿದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ.

ಹಾಗಾದರೆ ದುರಸ್ತಿಯೇ ಸಲ್ಲದೆ? ಕೆಲವು ತಯಾರಕರು ರನ್‌ಫ್ಲಾಟ್ ಟೈರಿನ ದುರಸ್ತಿಯನ್ನು ಒಪ್ಪುವುದಿಲ್ಲ. ಕೆಲವರು ಮಿತಿಯೊಳಗೆ ಒಪ್ಪುತ್ತಾರೆ. ಆದ್ದರಿಂದ ತಯಾರಕರ ಸೂಚನೆಯನ್ನು ಮೊದಲು ನೋಡತಕ್ಕದ್ದು. ಒಪ್ಪಿಗೆಯಿದ್ದಲ್ಲಿಯೂ ತೂತು ನೆಲಕ್ಕೆ ತಾಗುವ ಭಾಗದಲ್ಲಿಯೇ ಇರಬೇಕು, 6 ಮಿಲಿಮೀಟರಿಗಿಂತ ದೊಡ್ಡದಿರಬಾರದು. ಅಂಚಿನಲ್ಲಾಗಲಿ ಪಕ್ಕದಲ್ಲಾಗಲಿ ತೂತಾಗಿದ್ದರೆ ದುರಸ್ತಿಯ ಮಾತೇ ಬೇಡ. ಟೈರನ್ನು ಬಿಚ್ಚಿ, ಒಳಮೈ ಪರೀಕ್ಷಿಸಿ, ತೂತನ್ನು ತುಂಬುವ ಕಡ್ಡಿಯೂ ಒಳಗಿನಿಂದ ಅಂಟುವ ತೇಪೆಯೂ ಕೂಡಿರುವಂತೆ ಮುಚ್ಚಬೇಕು. ಹೊರಗಿನಿಂದ ತುರುಕಿದ ಬತ್ತಿ ತಾತ್ಕಾಲಿಕವಾದದ್ದು. ಇವುಗಳ ಗೋಡೆ ಬಿರುಸಾದುದರಿಂದ ತಕ್ಕ ಯಂತ್ರವಿಲ್ಲದೆ ಸುತ್ತಿಗೆ, ಸಲಾಕೆಗಳಿಂದ ಬಿಚ್ಚಿದರೆ ಟೈರಿನ ಅಂಚೂ, ರಿಮ್ಮಿನೊಳಗಿನ ಒತ್ತಡ ಅಳೆಯುವ ಸಾಧನವೂ ಕೆಡಬಹುದು.

ದೀಪ ಹೊತ್ತಿದ ಮೇಲೆ ಎಷ್ಟು ದೂರ, ಎಷ್ಟು ವೇಗದಲ್ಲಿ ಓಡಿಸಿದೆವೆಂಬುದನ್ನು ಕೆಲಸಗಾರನಿಗೆ ಮುಚ್ಚಿಡದೆ ತಿಳಿಸಬೇಕು. ಅವನು "ಇದು ಆಗದು" ಎಂದಾಗ ಮುನಿಸಿಕೊಂಡು, ಬೇಗ ಮಾಡಿಕೊಡುವ ಮತ್ತೊಂದು ಅಂಗಡಿಯನ್ನು ಹುಡುಕಿ ಹೋಗಬಾರದು. ತನ್ನ ಅಂದಿನ ಗಳಿಕೆಗಿಂತ ಕಾರಿನಲ್ಲಿ ಕುಳಿತವರ ಕ್ಷೇಮವನ್ನು ಮುಂದಿಟ್ಟುಕೊಂಡ ಅಂತಹವನ ದುಡಿಮೆಯೇ ನಿಜವಾದ ಕಾಯಕವೆಂದು ನಾವು ಭಾವಿಸುತ್ತೇವೆ.